ಕ್ರಿಯಾಪದ ಬರುವ ತನಕ ಓದುಗರು ಕಾಯುತ್ತಾರೆ

ಸೋಪು ಜಿಡ್ಡನ್ನು ಹೇಗೆ ತೆಗೆಯುತ್ತದೆ ಅಂತ ಒಂದು ಲೇಖನ ಬರೆಯಬೇಕಾಗಿದೆ ಅಂದುಕೊಳ್ಳಿ. ಬರವಣಿಗೆಗೆ ಹೊಸದಾಗಿ ಇಳಿದವರ ಮೊದಲ ಕರಡು ಹೆಚ್ಚಾಗಿ ಹೀಗಿರುತ್ತದೆ:

“ಸಾಬೂನು ಎಂಬುದು ಮಾನವನ ದೈನಂದಿನ ಜೀವನದಲ್ಲಿ ಅತ್ಯಂತ ಪ್ರಮುಖ ಪಾತ್ರವನ್ನು ವಹಿಸುವ ಒಂದು ವಸ್ತುವಾಗಿದೆ. ನೀರಿನಲ್ಲಿ ಕರಗದ ಎಣ್ಣೆಯ ಅಂಶವನ್ನು ಹೊಂದಿರುವ ಕೊಳೆಯ ನಿರ್ಮೂಲನೆ ಮಾಡುವ ಸಾಮರ್ಥ್ಯವನ್ನು ಹೊಂದಿರುವ ಅಣುಗಳನ್ನು ಇದು ಹೊಂದಿದ್ದು, ಈ ಅಣುಗಳ ಒಂದು ತುದಿಯು ನೀರಿನ ಕಡೆಗೆ ಮತ್ತು ಇನ್ನೊಂದು ತುದಿಯು ಎಣ್ಣೆಯ ಕಡೆಗೆ ಆಕರ್ಷಿತವಾಗುವುದರಿಂದ ಸ್ವಚ್ಛಗೊಳಿಸುವಿಕೆಯ ಪ್ರಕ್ರಿಯೆಯು ಸಾಧ್ಯವಾಗಿಸಲ್ಪಡುತ್ತದೆ.”

ಇದರಲ್ಲಿ ತಪ್ಪು ಮಾಹಿತಿ ಇಲ್ಲ. ವ್ಯಾಕರಣವೂ ಸರಿಯಾಗಿದೆ. ಆದರೂ ಎರಡನೇ ವಾಕ್ಯದ ನಡುವೆ ಎಲ್ಲೋ ಓದುವವರ ಗಮನ ಜಾರುತ್ತದೆ. ಫ್ರೀಲ್ಯಾನ್ಸ್ ಬರಹಕ್ಕೆ ಇಳಿದ ಹೊಸತರಲ್ಲಿ ನಾನೂ ಹೀಗೇ ಬರೆಯುತ್ತಿದ್ದೆ. ಗಂಭೀರ ವಿಷಯಕ್ಕೆ ಭಾರವಾದ ಭಾಷೆ ಬೇಕು ಅಂತ ನಂಬಿದ್ದೆ. ಒಮ್ಮೆ ಇಂಥದೇ ಲೇಖನ ಕಳಿಸಿದಾಗ ಸಂಪಾದಕರೊಬ್ಬರು ಫೋನ್ ಮಾಡಿದರು. “ಲೇಖನ ಪಕ್ಕಕ್ಕಿಡಿ. ವಿಷಯ ಏನು ಅಂತ ನನಗೆ ಬಾಯಲ್ಲಿ ಹೇಳಿ” ಅಂದರು. ಹೇಳಿದೆ. ನಡುವೆ ಎರಡು ಸಲ ತಡೆದು “ಹಾಗಂದ್ರೆ?” ಅಂತ ಕೇಳಿದರು. ಅದಕ್ಕೂ ಉತ್ತರ ಕೊಟ್ಟೆ. “ಈಗ ಹೇಳಿದ್ರಲ್ಲ, ಅದೇ ಕ್ರಮದಲ್ಲಿ ಬರೆದು ಕಳಿಸಿ” ಅಂದು ಫೋನ್ ಇಟ್ಟರು.

ಅವರು “ಅದೇ ಮಾತಿನಲ್ಲಿ” ಅನ್ನಲಿಲ್ಲ, “ಅದೇ ಕ್ರಮದಲ್ಲಿ” ಅಂದರು. ಅದು ನನಗೆ ಅರ್ಥವಾಗಲು ಸ್ವಲ್ಪ ಕಾಲ ಬೇಕಾಯಿತು. ಮಾತನ್ನು ಇದ್ದ ಹಾಗೇ ಬರೆದರೆ ಓದಲು ಆಗುವುದಿಲ್ಲ. ಮಾತಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳುತ್ತೇವೆ, ಅರ್ಧಕ್ಕೆ ನಿಲ್ಲಿಸುತ್ತೇವೆ, ಉಳಿದದ್ದನ್ನು ಕೈಸನ್ನೆಗೆ ಬಿಡುತ್ತೇವೆ. ಆದರೆ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಆಮೇಲೆ ಹೇಳಬೇಕು ಅನ್ನುವುದು ಎದುರಿಗೆ ಒಬ್ಬರು ಕೂತಾಗ ತಾನಾಗಿಯೇ ಸರಿಹೋಗುತ್ತದೆ. ಆ ಕ್ರಮದಲ್ಲಿ ಬರೆದರೆ ಸೋಪಿನ ಪ್ಯಾರಾ ಹೀಗಾಗುತ್ತದೆ:

“ಎಣ್ಣೆ ಹತ್ತಿದ ಕೈಯನ್ನು ಬರೀ ನೀರಿನಲ್ಲಿ ತೊಳೆದರೆ ಜಿಡ್ಡು ಹೋಗುವುದಿಲ್ಲ. ನೀರು ಎಣ್ಣೆಯ ಜೊತೆ ಬೆರೆಯುವುದಿಲ್ಲ. ಸೋಪು ಇವೆರಡರ ನಡುವೆ ಕೊಂಡಿಯಾಗುತ್ತದೆ. ಸೋಪಿನ ಪ್ರತಿ ಅಣುವಿಗೂ ಎರಡು ತುದಿ. ಒಂದು ಎಣ್ಣೆಗೆ ಅಂಟುತ್ತದೆ, ಇನ್ನೊಂದು ನೀರಿಗೆ. ಇಂಥ ಅಣುಗಳು ಜಿಡ್ಡಿನ ಸಣ್ಣ ಹನಿಯನ್ನು ಸುತ್ತುವರಿದು ಚರ್ಮದಿಂದ ಬಿಡಿಸುತ್ತವೆ. ಆಮೇಲೆ ನೀರು ಸುರಿದಾಗ ಜಿಡ್ಡೂ ನೀರಿನ ಜೊತೆ ಹರಿದುಹೋಗುತ್ತದೆ.”

ಮಾಹಿತಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬದಲಾದದ್ದು ಓದುವವರು ಹೊರಬೇಕಾದ ಹೊರೆ. ಗದ್ಯದ ಶೈಲಿ ಅಂದಾಗ ತುಂಬಾ ಜನರ ಮನಸ್ಸಿಗೆ ಅಲಂಕಾರ ಬರುತ್ತದೆ, ಹೋಲಿಕೆ ಬರುತ್ತದೆ, ಚೆಂದದ ಪದ ಬರುತ್ತದೆ. ಮಾಹಿತಿ ಕೊಡುವ ಬರಹದಲ್ಲಿ ಅದಕ್ಕಿಂತ ಮೊದಲು ನೋಡಬೇಕಾದದ್ದು ಈ ಹೊರೆಯನ್ನು. ಕನ್ನಡದಲ್ಲಿ ಇದು ಹೇಗೆ ಕೂಡಿಕೊಳ್ಳುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೆನಪಿನ ಮೇಲಿನ ಹೊರೆ

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೆಸರಿನ, ಅಂದರೆ ನಾಮಪದದ ಬಗ್ಗೆ ಏನು ಹೇಳುವುದಿದ್ದರೂ ಆ ಹೆಸರಿಗಿಂತ ಮುಂಚೆ ಬರುತ್ತದೆ. “ನಿನ್ನೆ ಬಂದ ಪತ್ರ” ಅನ್ನುತ್ತೇವೆ. ಪತ್ರ ಅನ್ನುವ ಮಾತು ಕಿವಿಗೆ ಬೀಳುವ ಮೊದಲೇ ಅದು ನಿನ್ನೆ ಬಂತು ಅನ್ನುವುದು ತಿಳಿದಿರುತ್ತದೆ. ಇಷ್ಟಕ್ಕೆ ತೊಂದರೆ ಇಲ್ಲ. ತೊಂದರೆ ಶುರುವಾಗುವುದು ಇವುಗಳನ್ನು ಒಂದರ ಹೊಟ್ಟೆಯೊಳಗೆ ಇನ್ನೊಂದನ್ನು ಇಟ್ಟಾಗ. ಸೋಪಿನ ಮೊದಲ ಕರಡನ್ನೇ ನೋಡಿ. ಕರಗದ ಎಣ್ಣೆ, ಆ ಎಣ್ಣೆ ಇರುವ ಕೊಳೆ, ಆ ಕೊಳೆ ತೆಗೆಯುವ ಸಾಮರ್ಥ್ಯ, ಆ ಸಾಮರ್ಥ್ಯ ಇರುವ ಅಣು. ನಾಲ್ಕು ಮೆಟ್ಟಿಲು ಹತ್ತಿದ ಮೇಲೆ “ಅಣು” ಸಿಗುತ್ತದೆ. ಅಲ್ಲಿಯ ತನಕ ಇದೆಲ್ಲ ಯಾತಕ್ಕೆ ಅಂತ ಗೊತ್ತಿಲ್ಲದೆ ಎಲ್ಲವನ್ನೂ ತಲೆಯಲ್ಲಿ ಹಿಡಿದುಕೊಂಡಿರಬೇಕು.

ನಮ್ಮ ತಕ್ಷಣದ ನೆನಪಿನಲ್ಲಿ ಜಾಗ ಕಡಿಮೆ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಬಂಧದಲ್ಲಿ ಅದನ್ನು ಸುಮಾರು ಏಳು ತುಣುಕು ಅಂದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ಇನ್ನೂ ಇಳಿಸಿ ಸುಮಾರು ನಾಲ್ಕು ಅಂದರು. ಓದುವಾಗ ಆ ಜಾಗದಲ್ಲಿ ಒಂದಿಷ್ಟು ಲೇಖನದ ಒಟ್ಟು ವಿಷಯಕ್ಕೂ ಹೋಗುತ್ತದೆ. ಉಳಿದ ಚೂರು ಜಾಗದಲ್ಲಿ ನಮ್ಮ ವಾಕ್ಯ ನಿಲ್ಲಬೇಕು.

ಹಾಗಂತ ಉದ್ದ ವಾಕ್ಯವೆಲ್ಲ ಕೆಟ್ಟದ್ದು ಅಂತ ಅಂದುಕೊಳ್ಳಬೇಡಿ. “ಅವಳು ಬಾಗಿಲು ತೆರೆದು, ಒಳಗೆ ಬಂದು, ದೀಪ ಹಾಕಿ, ಕುರ್ಚಿ ಎಳೆದುಕೊಂಡು ಕೂತಳು” ಅನ್ನುವ ವಾಕ್ಯದಲ್ಲಿ ಐದು ಕೆಲಸ ಇದೆ. ಆದರೂ ಎಲ್ಲಿಯೂ ತಡೆಯುವುದಿಲ್ಲ. ತೆರೆದು ಅಂದಾಗ ತೆರೆಯುವ ಕೆಲಸ ಮುಗಿಯಿತು. ಓದುಗರು ಅದನ್ನು ಕೆಳಗಿಟ್ಟು ಮುಂದಿನದಕ್ಕೆ ಹೋಗಬಹುದು. ಕನ್ನಡಕ್ಕೆ ಇದು ತುಂಬಾ ಸಹಜವಾದ ನಡೆ. ಕಥೆ ಹೇಳುವವರೆಲ್ಲ ಇದನ್ನೇ ಬಳಸುತ್ತಾರೆ. ಹಾಗಾಗಿ “ವಾಕ್ಯಕ್ಕೆ ಹದಿನೈದು ಪದ ಮೀರಬಾರದು” ಅನ್ನುವ ಥರದ ಸಲಹೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪದ ಎಣಿಸುವುದಕ್ಕಿಂತ ಬಾಕಿ ಎಷ್ಟು ಉಳಿದಿದೆ ಅಂತ ಎಣಿಸಿ. “ಮಾಡುವ”, “ಹೊಂದಿರುವ”, “ಆಗಿರುವ”, “ಎಂಬ” ಇಂಥವು ಒಂದೇ ಹೆಸರಿನ ಮುಂದೆ ಎರಡಕ್ಕಿಂತ ಜಾಸ್ತಿ ಸಾಲುಗಟ್ಟಿದ್ದರೆ ಅಲ್ಲಿ ವಾಕ್ಯ ಒಡೆಯಿರಿ. ಒಳಗಿರುವುದನ್ನು ಮೊದಲು ಬೇರೆ ವಾಕ್ಯವಾಗಿ ಹೇಳಿ ಮುಗಿಸಿ, ಆಮೇಲೆ ಹೊರಗಿನದ್ದಕ್ಕೆ ಬನ್ನಿ.

ಮಾಡಿದ್ದು ಯಾರು?

ಇನ್ನೊಂದು ವಾಕ್ಯ ನೋಡಿ. “ಸೇತುವೆಯ ದುರಸ್ತಿ ಕಾರ್ಯವನ್ನು ವಿಳಂಬಗೊಳಿಸಲಾಗಿದ್ದು, ಈ ಬಗ್ಗೆ ಹಲವು ಬಾರಿ ದೂರು ನೀಡಲಾಗಿದೆ.”

ತಡ ಮಾಡಿದ್ದು ಯಾರು? ದೂರು ಕೊಟ್ಟದ್ದು ಯಾರು, ಯಾರಿಗೆ, ಎಷ್ಟು ಸಲ? ವಾಕ್ಯ ಮುಗಿದರೂ ಒಂದಕ್ಕೂ ಉತ್ತರ ಇಲ್ಲ. ಕರ್ಮಣಿ ಪ್ರಯೋಗದ ಗುಣವೇ ಅದು. ಮಾಡಿದವರನ್ನು ಬಿಟ್ಟು ಮಾಡಿದ ಕೆಲಸವನ್ನಷ್ಟೇ ಹೇಳುತ್ತದೆ. ವರದಿಗಳಲ್ಲಿ, ಆದೇಶಗಳಲ್ಲಿ, ಸುತ್ತೋಲೆಗಳಲ್ಲಿ ಇದನ್ನೇ ಓದಿ ಓದಿ ಬರಹ ಅಂದರೆ ಹೀಗೇ ಇರಬೇಕು ಅಂತ ನಮ್ಮ ಕೈಗೆ ರೂಢಿಯಾಗಿಬಿಟ್ಟಿದೆ.

ಇದು ಬರೀ ಶೈಲಿಯ ಪ್ರಶ್ನೆಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. “ಲಾಗಿದೆ” ಎಲ್ಲಿ ಬಂದಿದೆಯೋ ಅಲ್ಲಿ ಹೆಚ್ಚಿನ ಸಲ ಬರೆದವರಿಗೇ ಉತ್ತರ ಗೊತ್ತಿರುವುದಿಲ್ಲ. ಮಾಹಿತಿ ಸಂಗ್ರಹ ಅರ್ಧಕ್ಕೆ ನಿಂತಿರುತ್ತದೆ, ವಾಕ್ಯ ಅದನ್ನು ಮುಚ್ಚಿರುತ್ತದೆ. ಕರ್ತರಿಗೆ ಬದಲಾಯಿಸಲು ಹೊರಟರೆ ಕರ್ತೃ ಬೇಕಾಗುತ್ತದೆ. ಆಗ ಇನ್ನೂ ಎರಡು ಫೋನ್ ಮಾಡಲೇಬೇಕು. ಮಾಡಿದ ಮೇಲೆ ವಾಕ್ಯ ಹೀಗಾಗಬಹುದು: “ಗುತ್ತಿಗೆದಾರರು ಮಾರ್ಚ್ ತಿಂಗಳಲ್ಲಿ ಕೆಲಸ ನಿಲ್ಲಿಸಿದರು. ನದಿಯ ಆಚೆ ದಡದ ಜನ ಎಂಜಿನಿಯರಿಗೆ ಮೂರು ಸಲ ಪತ್ರ ಬರೆದರು.” ಒಳ್ಳೆಯ ಸಂಪಾದಕರು ಇಂಥ ಎರಡು ವಾಕ್ಯ ನೋಡಿದರೆ ಸಾಕು, ಬರೆದವರು ಕೆಲಸ ಮಾಡಿದ್ದಾರೆ ಅಂತ ಗುರುತಿಸುತ್ತಾರೆ.

ಮಾಡಿದವರು ಯಾರು ಅನ್ನುವುದು ಎಲ್ಲರಿಗೂ ಗೊತ್ತಿದ್ದಾಗ, ಅಥವಾ ಅದು ಮುಖ್ಯವೇ ಅಲ್ಲದಾಗ ಕರ್ಮಣಿ ಇರಲಿ. ಆದರೆ ಅಲ್ಲಿಯೂ ಕನ್ನಡಕ್ಕೆ ಇನ್ನೊಂದು ದಾರಿ ಇದೆ. “ಕಳ್ಳನನ್ನು ಹಿಡಿದರು” ಅಂದರೆ ಸಾಕು. ಹಿಡಿದವರ ಹೆಸರು ಹೇಳದೆಯೇ ವಾಕ್ಯ ಪೂರ್ತಿಯಾಗುತ್ತದೆ. “ಹಿಡಿಯಲಾಯಿತು” ಬೇಕೇ ಇಲ್ಲ.

ಇಂಗ್ಲಿಷ್ ಓದಿ ಕನ್ನಡ ಬರೆಯುವಾಗ

ವಿಜ್ಞಾನ, ಆರೋಗ್ಯ, ಹಣಕಾಸು, ತಂತ್ರಜ್ಞಾನ, ಯಾವುದರ ಬಗ್ಗೆ ಬರೆದರೂ ನಮಗೆ ಸಿಗುವ ಆಕರ ಹೆಚ್ಚಾಗಿ ಇಂಗ್ಲಿಷಿನದು. ಒಂದು ಕಿಟಕಿಯಲ್ಲಿ ಇಂಗ್ಲಿಷ್ ಪುಟ ತೆರೆದಿಟ್ಟು ಇನ್ನೊಂದರಲ್ಲಿ ಕನ್ನಡ ಟೈಪ್ ಮಾಡುತ್ತೇವೆ. ಪದಗಳು ಕನ್ನಡಕ್ಕೆ ಬರುತ್ತವೆ, ವಾಕ್ಯದ ಮೂಳೆ ಇಂಗ್ಲಿಷಿನದೇ ಉಳಿಯುತ್ತದೆ. ಅದರ ಗುರುತುಗಳು ಕೆಲವಿವೆ.

“ಇದು ಒಂದು ಉತ್ತಮ ಪುಸ್ತಕವಾಗಿದೆ.” ಕನ್ನಡದಲ್ಲಿ “ಇದು ಒಳ್ಳೆಯ ಪುಸ್ತಕ” ಅಂದರೆ ಮುಗಿಯಿತು. ಆಗಿದೆ ಬೇಡ, ಲೆಕ್ಕ ಹೇಳುವುದು ಇಲ್ಲದಿದ್ದರೆ “ಒಂದು” ಕೂಡ ಬೇಡ. “ಮನೆಯು ಮೂರು ಕೋಣೆಗಳನ್ನು ಹೊಂದಿದೆ.” ಕನ್ನಡದ ಮನೆಗೆ ಮೂರು ಕೋಣೆ ಇರುತ್ತವೆ, ಅದು ಏನನ್ನೂ ಹೊಂದುವುದಿಲ್ಲ. “ಹೊಂದಿದೆ” ಒಂದನ್ನೇ ಬಿಟ್ಟರೂ ನಿಮ್ಮ ಗದ್ಯ ಅರ್ಧ ಹಗುರಾಗುತ್ತದೆ, ಮಾಡಿ ನೋಡಿ. “ಹತ್ತು ಪುಸ್ತಕಗಳು, ಐದು ವರ್ಷಗಳು” ತಪ್ಪೇನೂ ಅಲ್ಲ. ಆದರೆ ಸಂಖ್ಯೆಯೇ ಬಹುವಚನ ಹೇಳಿದ ಮೇಲೆ “ಹತ್ತು ಪುಸ್ತಕ, ಐದು ವರ್ಷ” ಸಾಲದೇ? ಇನ್ನು “ಮತ್ತು”. ಹೆಸರುಗಳನ್ನು ಜೋಡಿಸಲು ನಮಗೆ “ಊ” ಇದೆ: ಅಕ್ಕನೂ ತಮ್ಮನೂ. ಕೆಲಸಗಳನ್ನು ಜೋಡಿಸಲು ಆಗಲೇ ಹೇಳಿದ ಬಂದು, ಕೂತು, ಹೇಳಿ ಇವೆ. ಎರಡು ಪೂರ್ತಿ ವಾಕ್ಯಗಳ ನಡುವೆ “ಮತ್ತು” ಬಂದರೆ ಅಲ್ಲಿ ಪೂರ್ಣವಿರಾಮ ಹಾಕಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಅದೇ ಚೆನ್ನಾಗಿರುತ್ತದೆ.

ಇವನ್ನೆಲ್ಲ ಒಂದೊಂದಾಗಿ ಬೇಟೆಯಾಡುವುದಕ್ಕಿಂತ ಒಳ್ಳೆಯ ಉಪಾಯ ಒಂದಿದೆ. ಆಕರವನ್ನು ಓದಿ, ಟಿಪ್ಪಣಿ ಮಾಡಿಕೊಂಡು, ಮುಚ್ಚಿಬಿಡಿ. ಎದ್ದು ಸ್ವಲ್ಪ ಓಡಾಡಿ ಬನ್ನಿ. ಟಿಪ್ಪಣಿಯನ್ನೂ ನೋಡದೆ ಬರೆಯಿರಿ. ಅಂಕಿ, ಹೆಸರು, ಇಸವಿಗಳಿಗೆ ಜಾಗ ಖಾಲಿ ಬಿಡಿ. ಕೊನೆಗೆ ಆಕರ ತೆರೆದು ಅವನ್ನು ತುಂಬಿ, ಹೇಳಿದ್ದೆಲ್ಲ ಸರಿ ಇದೆಯೇ ಅಂತ ಒಂದೊಂದೇ ತಾಳೆ ನೋಡಿ. ಮುಚ್ಚಿದ ಮೇಲೆ ಒಂದು ಸಾಲೂ ಬರೆಯಲು ಆಗದಿದ್ದರೆ ವಿಷಯ ಇನ್ನೂ ಅರ್ಥವಾಗಿಲ್ಲ ಅಂತ ಲೆಕ್ಕ. ಬರೆಯುವ ಮೊದಲೇ ಅದು ಗೊತ್ತಾಗುವುದು ಒಳ್ಳೆಯದು ಅಲ್ವಾ?

ಪದಗಳ ಆಯ್ಕೆಯ ಬಗ್ಗೆ ಜಗಳ ಹಳೆಯದು. ಒಂದೇ ಸಮಾಸದಲ್ಲಿ ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಬೆರೆಸಬೇಡಿ ಅಂತ 9ನೇ ಶತಮಾನದ ಕವಿರಾಜಮಾರ್ಗವೇ ಎಚ್ಚರಿಸಿತ್ತು. ಆ ನಿಯಮವನ್ನು ಇವತ್ತು ಹಾಗೇ ಹಿಡಿಯುವುದು ಆಗದ ಮಾತು. ಮಳೆಗಾಲ ಅನ್ನುವ ಪದವೇ ಬೆರಕೆ. ಆದರೆ ಅದರ ಹಿಂದಿರುವ ಕಿವಿ ಈಗಲೂ ಬೇಕು. ಸೋಪು ಅಂದವರು ಮುಂದಿನ ಸಾಲಿನಲ್ಲಿ “ನಿರ್ಮೂಲನೆ” ಅಂದರೆ ಅಪಸ್ವರ ಕೇಳಿಸುತ್ತದೆ. ಇಂಗ್ಲಿಷಿನಿಂದ ಬಂದ ಪದ ಜನರ ಬಾಯಲ್ಲಿ ಇದ್ದರೆ ಅದನ್ನೇ ಬಳಸಿ. ಶಾಸ್ತ್ರದ ಪದ ಬೇಕೇ ಬೇಕು ಅಂತಾದರೆ ಮೊದಲು ವಸ್ತುವನ್ನು ತೋರಿಸಿ, ಆಮೇಲೆ ಅದರ ಹೆಸರು ಹೇಳಿ. ಎರಡು ತುದಿಯ ಅಣುವನ್ನು ಕಂಡ ಮೇಲೆ ಅದಕ್ಕೆ ಏನು ಹೆಸರಿಟ್ಟರೂ ಓದುಗರು ಒಪ್ಪುತ್ತಾರೆ.

ತ್ತದೆ, ತ್ತದೆ, ತ್ತದೆ

ವಾಕ್ಯ ಚಿಕ್ಕದಾಯಿತು, ಮಾಡಿದವರ ಹೆಸರೂ ಬಂತು. ಆಗ ಹೊಸ ತೊಂದರೆಯೊಂದು ಎದುರಾಗುತ್ತದೆ. ವಿವರಿಸುವ ಬರಹದಲ್ಲಿ ಪ್ರತಿ ವಾಕ್ಯವೂ “ತ್ತದೆ” ಅಂತ ಮುಗಿಯುತ್ತದೆ. ಹೃದಯ ರಕ್ತವನ್ನು ತಳ್ಳುತ್ತದೆ. ರಕ್ತ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಆಮ್ಲಜನಕ ಸೇರುತ್ತದೆ. ನಾಲ್ಕನೇ ಸಾಲಿಗೆ ಮಗ್ಗಿ ಒಪ್ಪಿಸಿದ ಹಾಗೆ ಕೇಳುತ್ತದೆ. ಕ್ರಿಯಾಪದ ಕೊನೆಗೆ ಬರುವ ಭಾಷೆಗೆ ಇದು ಅಂಟಿಕೊಂಡೇ ಬಂದ ಕಷ್ಟ. ಇಂಗ್ಲಿಷಿನ ಶೈಲಿಪಾಠಗಳಲ್ಲಿ ಇದಕ್ಕೆ ಮದ್ದು ಸಿಗುವುದಿಲ್ಲ.

ಮದ್ದು ಕನ್ನಡದೊಳಗೇ ಇದೆ. ಕ್ರಿಯಾಪದವೇ ಇಲ್ಲದ ವಾಕ್ಯ ಒಂದು: “ಪ್ರತಿ ಅಣುವಿಗೂ ಎರಡು ತುದಿ.” ಇಲ್ಲ, ಅಲ್ಲ, ಬೇಡ, ಸಾಲದು, ಆಗದು ಅಂತ ಮುಗಿಯುವ ವಾಕ್ಯ ಇನ್ನೊಂದು. ಪ್ರಶ್ನೆ ಮಗದೊಂದು, ಆದರೆ ಪ್ರಶ್ನೆ ಜಾಸ್ತಿಯಾದರೆ ಪಾಠ ಮಾಡಿದ ಹಾಗಾಗುತ್ತದೆ. “ತಳ್ಳುವುದು ಹೃದಯ” ಅಂತ ಕ್ರಿಯೆಯನ್ನು ಮುಂದೆ ತಂದು ಹೆಸರಿನಿಂದ ಮುಗಿಸಬಹುದು. ಎರಡು ಕೆಲಸವನ್ನು “ಹೋಗಿ”, “ಸೇರಿ” ಅಂತ ಒಂದೇ ವಾಕ್ಯಕ್ಕೆ ಎಳೆದುಕೊಳ್ಳಬಹುದು. ಕರಡನ್ನು ಗಟ್ಟಿಯಾಗಿ ಓದಿ. ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಕೆಳಗಿನ ತನಕ ಓದಿಕೊಂಡು ಹೋಗಿ. ಎಲ್ಲಿ ಒಂದೇ ಸದ್ದು ಮೂರು ಸಲ ಬಂತೋ ಅಲ್ಲಿ ನಡುವಿನದನ್ನು ಬದಲಿಸಿ.

ಒತ್ತು ಎಲ್ಲಿ ಬೀಳುತ್ತದೆ ಅನ್ನುವುದೂ ಕಿವಿಗೇ ಗೊತ್ತಾಗುವ ವಿಷಯ. “ಅಧ್ಯಕ್ಷರು ಸಭೆಗೆ ನಿನ್ನೆ ಬಂದರು” ಅಂದರೆ ಒತ್ತು ದಿನದ ಮೇಲೆ. “ಸಭೆಗೆ ನಿನ್ನೆ ಅಧ್ಯಕ್ಷರು ಬಂದರು” ಅಂದರೆ ವ್ಯಕ್ತಿಯ ಮೇಲೆ. ಕ್ರಿಯಾಪದಕ್ಕೆ ಅಂಟಿಕೊಂಡು ಅದಕ್ಕಿಂತ ಮೊದಲು ಇರುವ ಜಾಗ ಕನ್ನಡ ವಾಕ್ಯದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಹೊಸ ಸಂಗತಿಯನ್ನು ಅಲ್ಲಿಡಿ, ಓದುಗರಿಗೆ ಆಗಲೇ ಗೊತ್ತಿರುವುದನ್ನು ಮೊದಲಿಗೆ ಇಡಿ. ಇದರ ಜೊತೆಗೆ ಒಂದೇ ಅಕ್ಷರದ “ಏ”, “ಊ” ಇವೆ, “ಅಂತೂ” ಇದೆ. ವರದಿಯೂ ಬಂದಿದೆ, ವರದಿಯೇ ಬಂದಿದೆ, ವರದಿಯಂತೂ ಬಂದಿದೆ. ಮೂರಕ್ಕೂ ಬೇರೆ ಬೇರೆ ಅರ್ಥ. “ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೇನೆಂದರೆ” ಅನ್ನುವ ಉದ್ದದ ಪೀಠಿಕೆಯ ಕೆಲಸವನ್ನು ಒಂದು “ಏ” ಮಾಡಿ ಮುಗಿಸುತ್ತದೆ.

ಗೊತ್ತಿರುವುದೇ ಅಡ್ಡಿಯಾದಾಗ

ಇಷ್ಟೆಲ್ಲ ಸರಿ ಮಾಡಿದರೂ ಕೆಲವು ಲೇಖನ ಅರ್ಥವಾಗುವುದಿಲ್ಲ. ಆಗ ತಪ್ಪು ವಾಕ್ಯದಲ್ಲಿ ಇರುವುದಿಲ್ಲ, ಎರಡು ವಾಕ್ಯಗಳ ನಡುವೆ ಇರುತ್ತದೆ. ಬರೆದವರಿಗೆ ಗೊತ್ತಿದ್ದ ಒಂದು ಮೆಟ್ಟಿಲು ಕಾಗದಕ್ಕೆ ಬಂದೇ ಇರುವುದಿಲ್ಲ.

1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ತಮ್ಮ ಪಿಎಚ್‌ಡಿಗಾಗಿ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಎಲ್ಲರೂ ಕೇಳಿರುವ ಹಾಡುಗಳನ್ನು ಕೊಟ್ಟು, ಅದರ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಕುಟ್ಟಲು ಹೇಳಿದರು. ಎದುರಿಗೆ ಕೂತವರು ಅದು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟು ಸಲ ಗುರುತಿಸುತ್ತಾರೆ ಅಂತ ಕುಟ್ಟಿದವರು ಅಂದಾಜು ಮಾಡಿದ್ದರು. 120 ಹಾಡಿನಲ್ಲಿ ಕೇಳುಗರು ಗುರುತಿಸಿದ್ದು ಮೂರೇ ಮೂರು. ಕುಟ್ಟುವವರ ತಲೆಯೊಳಗೆ ಪೂರ್ತಿ ಹಾಡು ಓಡುತ್ತಿರುತ್ತದೆ. ಎದುರಿನವರಿಗೆ ಕೇಳುವುದು ಬರೀ ಟಕ್ ಟಕ್.

ವಿಷಯದಲ್ಲಿ ಮುಳುಗಿ ಎದ್ದು ಬರೆಯುವ ನಮ್ಮೆಲ್ಲರ ಪಾಡೂ ಅದೇ. ಮುಂಚೆ ಫೋನಿನಲ್ಲಿ ಆ ಸಂಪಾದಕರು ಎರಡು ಸಲ “ಹಾಗಂದ್ರೆ?” ಅಂದಿದ್ದರಲ್ಲ, ಆ ಎರಡು ಜಾಗದಲ್ಲೇ ನನ್ನ ಲೇಖನದಲ್ಲಿ ಮೆಟ್ಟಿಲು ತಪ್ಪಿತ್ತು. ಹಾಗಾಗಿ ಆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಕರಡು ಕೊಟ್ಟು ನೋಡಿ. “ಹೇಗಿದೆ?” ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಓದಿದ ಮೇಲೆ ಲೇಖನ ವಾಪಸ್ ತೆಗೆದುಕೊಂಡು, ಸೋಪು ಹೇಗೆ ಕೆಲಸ ಮಾಡುತ್ತದೆ ಅಂತ ಅವರಿಂದಲೇ ಕೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಒಂದು ವಾಕ್ಯ ಬಾಕಿ ಇದೆ. ಯಾರೂ ಸಿಗದಿದ್ದರೆ ಕರಡನ್ನು ಎರಡು ದಿನ ಮುಚ್ಚಿಡಿ.

ಕೈ ಪಳಗಲು

ಅಮೆರಿಕದ ಲೇಖಕ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಗದ್ಯ ಕಲಿತ ಬಗೆಯನ್ನು ತನ್ನ ಆತ್ಮಕಥೆಯಲ್ಲಿ ವಿವರಿಸಿದ್ದಾನೆ. ಸ್ಪೆಕ್ಟೇಟರ್ ಎಂಬ ಪತ್ರಿಕೆಯ ಪ್ರಬಂಧಗಳು ಅವನಿಗೆ ಇಷ್ಟವಾಗಿದ್ದವು. ಅದರ ಪ್ರತಿ ವಾಕ್ಯದ ಸಾರವನ್ನು ಚುಟುಕಾಗಿ ಬರೆದಿಟ್ಟುಕೊಂಡು, ಕೆಲವು ದಿನ ಬಿಟ್ಟು, ಮೂಲ ನೋಡದೆ ಪ್ರಬಂಧವನ್ನು ತನ್ನ ಮಾತಿನಲ್ಲಿ ಮತ್ತೆ ಕಟ್ಟುತ್ತಿದ್ದ. ಆಮೇಲೆ ಮೂಲದ ಪಕ್ಕದಲ್ಲಿಟ್ಟು ತನ್ನ ತಪ್ಪು ತಿದ್ದುತ್ತಿದ್ದ. ಕೆಲವು ಸಲ ಆ ಟಿಪ್ಪಣಿಗಳನ್ನೆಲ್ಲ ಕಲಸಿಟ್ಟು, ವಾರಗಳ ನಂತರ ಮತ್ತೆ ಕ್ರಮಕ್ಕೆ ತರುತ್ತಿದ್ದ.

ನನಗೆ ತುಂಬಾ ಉಪಯೋಗವಾದದ್ದು ಈ ಕಲಸುವ ಭಾಗ. ನಿಮಗೆ ಇಷ್ಟವಾದ ಒಂದು ವಿವರಣಾ ಲೇಖನ ತೆಗೆದುಕೊಳ್ಳಿ. ಪ್ರತಿ ಪ್ಯಾರಾದ ವಿಷಯವನ್ನು ಒಂದೊಂದು ಚೀಟಿಯಲ್ಲಿ ಬರೆದು ಕಲಸಿ. ಒಂದು ವಾರದ ನಂತರ ಜೋಡಿಸಿ, ಮೂಲದ ಕ್ರಮದ ಜೊತೆ ಹೋಲಿಸಿ. ಬರೆದವರು ಅದನ್ನೇ ಏಕೆ ಮೊದಲು ಹೇಳಿದರು ಅನ್ನುವುದು ಆಗ ಹೊಳೆಯುತ್ತದೆ. ಸುಮ್ನೆ ಓದಿದರೆ ಇದು ಕಾಣುವುದೇ ಇಲ್ಲ.

ಫ್ರೀಲ್ಯಾನ್ಸ್ ಬರಹಗಾರರಿಗೆ ಇನ್ನೊಂದು ಪಾಠ ಪುಕ್ಕಟೆಯಾಗಿ ಸಿಗುತ್ತದೆ, ಆದರೆ ಹೆಚ್ಚಿನವರು ಅದನ್ನು ತೆಗೆದುಕೊಳ್ಳುವುದಿಲ್ಲ. ಅಚ್ಚಾದ ಲೇಖನವನ್ನು ಕಳಿಸಿದ ಪ್ರತಿಯ ಜೊತೆ ಸಾಲು ಸಾಲಾಗಿ ಹೋಲಿಸಿ. ಡೆಸ್ಕಿನವರು ಏನು ಕತ್ತರಿಸಿದರು, ಯಾವುದನ್ನು ಮೇಲಕ್ಕೆ ತಂದರು, ಯಾವ ಪದ ಬದಲಿಸಿದರು ಅಂತ ಬರೆದಿಡಿ. ಕೆಲವು ತಿದ್ದುಪಡಿ ನಿಮಗೆ ಒಪ್ಪಿಗೆಯಾಗುವುದಿಲ್ಲ, ಅದು ಇರಲಿ. ಆದರೆ ಐದಾರು ಲೇಖನ ಆಗುವಷ್ಟರಲ್ಲಿ ಅದೇ ತಪ್ಪು ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ. ನನ್ನ ಪಟ್ಟಿಯಲ್ಲಿ ಮೊದಲ ಪ್ಯಾರಾ ಪ್ರತಿ ಸಲವೂ ಕತ್ತರಿಸಿ ಹೋಗಿತ್ತು, ಏಕೆಂದರೆ ವಿಷಯ ಶುರುವಾಗುತ್ತಿದ್ದದ್ದೇ ಎರಡನೆಯದರಲ್ಲಿ. ಪದಗಳಲ್ಲಿ ಎದ್ದು ಕಂಡದ್ದು ನಾಲ್ಕು. ಈಗ ಲೇಖನ ಕಳಿಸುವ ಮುಂಚೆ ಕಂಪ್ಯೂಟರಿನ ಹುಡುಕುವ ಪೆಟ್ಟಿಗೆಯಲ್ಲಿ “ಲಾಗಿ”, “ಹೊಂದಿ”, “ವಾಗಿದೆ”, “ಮತ್ತು” ಇವನ್ನು ಒಂದೊಂದಾಗಿ ಟೈಪ್ ಮಾಡುತ್ತೇನೆ. ಸಿಕ್ಕ ಪ್ರತಿ ಜಾಗದಲ್ಲೂ ನಿಂತು ವಾಕ್ಯವನ್ನು ಗಟ್ಟಿಯಾಗಿ ಓದುತ್ತೇನೆ. ಕೆಲವನ್ನು ಹಾಗೇ ಬಿಡುತ್ತೇನೆ. ಈ ಲೇಖನದಲ್ಲೂ ಹಾಗೆ ಹುಡುಕಿದಾಗ ಉದಾಹರಣೆಗಳ ಹೊರಗೆ ಸಿಕ್ಕ ಒಂದೆರಡನ್ನು ಈಗಷ್ಟೇ ತೆಗೆದೆ.